ಪುಟ್ಟ ಗಣಕಯಂತ್ರಕ್ಕೆ ವಿದ್ಯುಚ್ಛಕ್ತಿಯ ಪೂರೈಕೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವದ ದಿನ ಕಾವ್ಯವನ್ನೋ ಯಕ್ಷಗಾನವನ್ನೋ ಕುರಿತು ನಾಲ್ಕು ಮಾತು ಕೇಳಬೇಕೆಂಬ ಆಸೆಯಿಂದ ತಾವು ಇಲ್ಲಿ ನೆರೆದಿರುವಿರಿ. ನಮ್ಮ ಪಾಲಿಗೆ ಬಂದ ವಿಷಯವಾದರೋ ಒಂದು ಚಾರ್ಜರು, ಒಂದು ತಂತಿ, ಅಂಗೈಯಗಲದ ಒಂದು ಹಲಗೆ. ರಸಾನುಭವಕ್ಕೆ ಇದರಲ್ಲಿ ಅವಕಾಶ ಕಡಮೆ. ಆದರೂ ಈ ವಿಷಯವನ್ನು ಕನ್ನಡದ ಸಭೆಯಲ್ಲಿಯೇ ಆಡಬೇಕೆಂದು ನಮಗೆ ತೋರಿತು. ಏಕೆಂದರೆ ನಮ್ಮ ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಈ ಯಂತ್ರಗಳು ಬಂದು ಸೇರಿವೆ. ಅವುಗಳಿಗೆ ಉಣಿಸುವ ಬಗೆಯನ್ನು ಹೇಳುವ ಕಾಗದದಲ್ಲಿ ಮಾತ್ರ, ನಾವು ಬಿಚ್ಚಿ ನೋಡಿದ ಪೆಟ್ಟಿಗೆಗಳ ಮಟ್ಟಿಗೆ, ಕನ್ನಡದ ಒಂದಕ್ಷರವೂ ಇರಲಿಲ್ಲ. ನೆರೆಯ ಪುತ್ತೂರಿನಲ್ಲಿ ನೆಲೆಸಿ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನೂ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ಅಂತಹ ನೆಲದಲ್ಲಿ ಒಂದು ತಂತಿಯ ವಿಚಾರವನ್ನು ಕನ್ನಡದಲ್ಲಿ ಹೇಳಲು ನಾವು ಸಂಕೋಚಪಡಬೇಕಾದ ಕಾರಣವಿಲ್ಲ.

ಮೊದಲು ಯಂತ್ರದ ಪರಿಚಯ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಎಬೆನ್ ಅಪ್ಟನ್ ಎಂಬವರೂ ಅವರ ಗೆಳೆಯರೂ, ಕಂಪ್ಯೂಟರ್ ವಿಜ್ಞಾನ ಕಲಿಯಲು ಬರುವ ವಿದ್ಯಾರ್ಥಿಗಳ ಸಂಖ್ಯೆಯೂ ಅವರ ಪೂರ್ವಜ್ಞಾನವೂ ಇಳಿಮುಖವಾಗುತ್ತಿರುವುದನ್ನು ಕಂಡು, ಮಕ್ಕಳು ಧೈರ್ಯವಾಗಿ ಬಿಚ್ಚಿ ಕಟ್ಟಬಲ್ಲ ಅಗ್ಗದ ಗಣಕಯಂತ್ರವೊಂದನ್ನು ರೂಪಿಸಿದರು. 'ರಾಸ್ಪ್‌ಬೆರಿ ಪೈ' ಎಂಬ ಹೆಸರಿನ ಆ ಯಂತ್ರ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಬೆಲೆ 35 ಡಾಲರು. ಪರದೆಯಿಲ್ಲ, ಕೀಲಿಮಣೆಯಿಲ್ಲ, ಮೇಲೊಂದು ಡಬ್ಬಿಯೂ ಇಲ್ಲ. ಇದ್ದುದು ಒಂದೇ ಹಲಗೆ. ಕೇರಳದಲ್ಲಿ 2014-15ರ ಸುಮಾರಿಗೆ ಎಂಟನೆಯ ತರಗತಿಯ ಆಯ್ದ ಮಕ್ಕಳಿಗೆ ಸರಕಾರದ ಯೋಜನೆಯೊಂದರಿಂದ ಈ ಹಲಗೆಗಳು ದೊರೆತುವು. ಅನಂತರ 2018ರಲ್ಲಿ ಪ್ರೌಢಶಾಲೆಗಳಲ್ಲಿ 'ಲಿಟಲ್ ಕೈಟ್ಸ್' ಘಟಕಗಳು ಹುಟ್ಟಿದುವು. 2022ರ ಕೊನೆಯಿಂದ ಅವುಗಳಿಗೆ ರೋಬೋಟಿನ ಸಾಮಗ್ರಿಗಳೂ ಬರತೊಡಗಿದುವು. ಐಟಿಯ ಪಠ್ಯಪುಸ್ತಕ ಮಲಯಾಳ, ಇಂಗ್ಲಿಷುಗಳ ಜೊತೆಗೆ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಅಚ್ಚಾಗುತ್ತದೆ. ಹೀಗೆ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಮಕ್ಕಳಿಗೆ ಇದು ಅಪರಿಚಿತವಾದ ವಸ್ತುವಲ್ಲ.

ಆದರೆ ಈ ಹಲಗೆಗಳಲ್ಲಿ ಎಷ್ಟೋ ಈಗ ಕಪಾಟಿನೊಳಗೆ ಮಲಗಿವೆ. 'ಕೆಟ್ಟುಹೋಗಿದೆ' ಎಂಬ ಚೀಟಿ ಅಂಟಿಸಿಕೊಂಡಿರುವ ಇಂತಹ ಕೆಲವನ್ನು ನಾವು ಕೈಗೆ ತೆಗೆದುಕೊಂಡು ನೋಡಿದೆವು. ಒಂದರ ಕಥೆಯನ್ನು ಹೇಳುತ್ತೇವೆ. ಗಡಿಯ ಒಂದು ಊರಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ತೋಟದ ಮಣ್ಣಿನ ತೇವವನ್ನು ಅಳೆದು ಪಂಪನ್ನು ನಡೆಸುವ ಏರ್ಪಾಟನ್ನು ಶಾಸ್ತ್ರೋತ್ಸವಕ್ಕಾಗಿ ಸಿದ್ಧಪಡಿಸಿದ್ದಳು. ಬರೆದ ಕ್ರಮವಿಧಿಯಲ್ಲಿ ದೋಷವಿರಲಿಲ್ಲ. ಆದರೂ ಯಂತ್ರ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ನಿಂತು ಮತ್ತೆ ಮೊದಲಾಗುತ್ತಿತ್ತು. ನೋಡಿದವರಲ್ಲಿ ಒಬ್ಬರು ಹಲಗೆ ಕೆಟ್ಟಿದೆಯೆಂದರು. ಇನ್ನೊಬ್ಬರು, ಹುಡುಗಿಗೆ ಇನ್ನೂ ತಿಳಿಯದು ಎಂದರು. ಎರಡನೆಯ ಮಾತು ಅವಳ ಮನಸ್ಸಿಗೆ ನಾಟಿತು. ಅವಳು ಹೆಸರನ್ನು ಹಿಂತೆಗೆದುಕೊಂಡಳು. ಆ ಮೇಲೆ ನೋಡಿದರೆ, ಅವಳು ಬಳಸಿದ್ದುದು ಮನೆಯ ಹಳೆಯ ಫೋನಿನ ಜೊತೆಗೆ ಬಂದಿದ್ದ ಹಸುಳೆಯ ಬೆರಳಿಗಿಂತ ತೆಳ್ಳಗಿನ ಕೇಬಲು. ದಪ್ಪ ತಂತಿಯ ಬೇರೊಂದು ಕೇಬಲನ್ನು ಚುಚ್ಚಿದ ದಿನದಿಂದ ಅದೇ ಹಲಗೆ, ಅದೇ ಕ್ರಮವಿಧಿ, ಎರಡು ತಿಂಗಳು ನಿಲ್ಲದೆ ನಡೆದುವು. ಆ ವರ್ಷದ ಶಾಸ್ತ್ರೋತ್ಸವ ಮಾತ್ರ ಆಗಲೇ ಮುಗಿದಿತ್ತು.

ತಂತಿಗೆ ಇಷ್ಟು ಮಹತ್ತ್ವ ಏಕೆ ಬಂತು? ತೋಟದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ಬಹುದೂರದಲ್ಲಿ, ಲೈನಿನ ಕೊನೆಯಲ್ಲಿ ಇರುವ ಮನೆಗಳ ಪಾಡು ತಮಗೆ ತಿಳಿದದ್ದೇ. ಬೇಸಗೆಯಲ್ಲಿ ಮೇಲಿನ ತೋಟದವರು ಪಂಪನ್ನು ಹಾಕಿದ ಕ್ಷಣವೇ ಕೆಳಗಿನ ಮನೆಯ ದೀಪ ಮಂಕಾಗುತ್ತದೆ; ಪಂಪು ನಿಂತೊಡನೆ ಮತ್ತೆ ಬೆಳಗುತ್ತದೆ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಅಳೆದರೆ 230 ವೋಲ್ಟು ಸರಿಯಾಗಿಯೇ ಇದ್ದೀತು. ತಂತಿಯ ಉದ್ದಕ್ಕೂ ಒತ್ತಡ ಸೋರಿಹೋಗುತ್ತದೆ. ಪ್ರವಾಹ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಸುರಂಗದ ನೀರನ್ನು ಸಪೂರ ಪೈಪಿನಲ್ಲಿ ದೂರಕ್ಕೆ ಒಯ್ದರೆ ಕೊನೆಯ ಸ್ಪ್ರಿಂಕ್ಲರು ತಿರುಗದೆ ತೊಟ್ಟಿಕ್ಕುವುದೂ ಹೆಚ್ಚುಕಡಮೆ ಇದೇ ನ್ಯಾಯ. ಗೋಡೆಯ ಚಾರ್ಜರು ಟ್ರಾನ್ಸ್‌ಫಾರ್ಮರು, ಒಂದು ಮೀಟರಿನ ಕೇಬಲು ಲೈನು, ನಮ್ಮ ಹಲಗೆ ಲೈನಿನ ಕೊನೆಯ ಮನೆ.

ಲೆಕ್ಕ ಹಾಕಿ ನೋಡೋಣ; ಪ್ರೌಢಶಾಲೆಯ ಮಕ್ಕಳಿಗೆ ಓಮನ ನಿಯಮ ಗೊತ್ತಿರುವುದಷ್ಟೆ. ಅಗ್ಗದ ಕೇಬಲುಗಳಲ್ಲಿ ಸಾಮಾನ್ಯವಾಗಿರುವ 28ನೆಯ ಗೇಜಿನ ತಾಮ್ರದ ತಂತಿಗೆ ಒಂದು ಮೀಟರಿಗೆ ಸುಮಾರು 0.21 ಓಮ್ ರೋಧ. ವಿದ್ಯುತ್ತು ಹೋಗಲು ಒಂದು ತಂತಿ, ಬರಲು ಒಂದು; ಒಟ್ಟು 0.42 ಓಮ್. ಕೆಲಸ ಬಿದ್ದಾಗ ಹಲಗೆ ಒಂದೂವರೆ ಆಂಪಿಯರ್ ಎಳೆಯಿತೆನ್ನಿ. 1.5 ಗುಣಿಸು 0.42, ಎಂದರೆ 0.63 ವೋಲ್ಟು ದಾರಿಯಲ್ಲಿಯೇ ಖರ್ಚು. ಚಾರ್ಜರು 5 ವೋಲ್ಟು ಕೊಟ್ಟರೂ ಹಲಗೆಗೆ ಮುಟ್ಟಿದ್ದು 4.37. ರಾಸ್ಪ್‌ಬೆರಿ ಪೈ ಹಲಗೆಯಾದರೋ 4.63 ವೋಲ್ಟಿಗಿಂತ ಕೆಳಗಿಳಿದರೆ 'ನನಗೆ ಸಾಲದು' ಎಂದು ದೂರುತ್ತದೆ. ಅದೇ ಕೇಬಲಿನೊಳಗೆ 20ನೆಯ ಗೇಜಿನ ದಪ್ಪ ತಂತಿಯಿದ್ದರೆ ರೋಧ ಎರಡೂ ಸೇರಿ 0.07 ಓಮಿಗಿಂತ ಕಡಮೆ. ನಷ್ಟ ಕೇವಲ ಹತ್ತನೆಯ ಒಂದು ವೋಲ್ಟು. ಹೊರಗಿನ ಪ್ಲಾಸ್ಟಿಕ್ಕಿನ ದಪ್ಪವನ್ನು ನೋಡಿ ಮೋಸಹೋಗಬಾರದು. ಒಳಗಿನ ತಾಮ್ರದ ದಪ್ಪ ಮುಖ್ಯ, ಉದ್ದ ಕಡಮೆಯಿದ್ದಷ್ಟೂ ಮೇಲು. ಈ ಸೋರಿಕೆಯನ್ನು ಬಲ್ಲುದರಿಂದಲೇ ತಯಾರಕರು ತಮ್ಮ ಚಾರ್ಜರನ್ನು 5ರ ಬದಲು 5.1 ವೋಲ್ಟಿಗೆ ಇರಿಸಿ, ಕೇಬಲನ್ನು ಬಿಚ್ಚಿ ಬದಲಿಸಲು ಬಾರದಂತೆ ಅದಕ್ಕೇ ಬೆಸೆದು ಕೊಡುತ್ತಾರೆ.

ಒತ್ತಡ ಕುಂದಿದಾಗ ಹಲಗೆ ಸತ್ತುಹೋದರೆ ಪತ್ತೆ ಸುಲಭವಾಗುತ್ತಿತ್ತು. ಅದು ಸಾಯುವುದಿಲ್ಲ, ಕುಂಟುತ್ತದೆ. ಮೊದಲು ತನ್ನ ವೇಗವನ್ನು ತಾನೇ ಕಡಮೆಮಾಡಿಕೊಳ್ಳುತ್ತದೆ. ಅನಂತರ ಚುಚ್ಚಿದ ಪೆನ್‌ಡ್ರೈವು ಕಾಣದಾಗುತ್ತದೆ, ಕೀಲಿಮಣೆ ಓಗೊಡುವುದಿಲ್ಲ, ಕೊನೆಗೆ ಇಡೀ ಯಂತ್ರ ಮರಳಿ ಮೊದಲಾಗುತ್ತದೆ. ಸುಮ್ಮನೆ ಇಟ್ಟರೆ ನೆಟ್ಟಗಿರುವುದು, ಕೆಲಸ ಕೊಟ್ಟೊಡನೆ ಕೆಡುವುದು, ಇದೇ ಲಕ್ಷಣ. ಆದುದರಿಂದ ದೋಷವೆಲ್ಲವೂ ಕೆಲಸ ಬರೆದ ಮಗುವಿನದೆಂದು ತೋರುತ್ತದೆ. ಪರದೆಯ ಮೂಲೆಯಲ್ಲಿ ಸಣ್ಣದೊಂದು ಮಿಂಚಿನ ಗುರುತೋ, ಒತ್ತಡ ಕಡಮೆಯೆಂಬ ಎಚ್ಚರಿಕೆಯ ಸಾಲೋ ಕಾಣಿಸಿದರೆ ಅದನ್ನು ಅಲಂಕಾರವೆಂದು ತಿಳಿಯಕೂಡದು. ಹಲವು ಮಾದರಿಗಳಲ್ಲಿ ಹಲಗೆಯ ಕೆಂಪು ದೀಪವೂ ಆಗ ಆರಿಹೋಗುತ್ತದೆ ಅಥವಾ ಮಿಣುಕುತ್ತದೆ.

ಸಂಶಯವಿದ್ದರೆ ಅಳೆಯಬೇಕು. ಕೇಬಲಿನ ಮಧ್ಯೆ ಚುಚ್ಚುವ ಸಣ್ಣ ಯುಎಸ್‌ಬಿ ಮೀಟರು ಸಿಕ್ಕುತ್ತದೆ. ಅದನ್ನು ಹಲಗೆಯ ಕಡೆಯ ತುದಿಗೆ ಹಾಕಬೇಕೇ ಹೊರತು ಚಾರ್ಜರಿನ ಕಡೆಗಲ್ಲ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಅಳೆದು ಕೊನೆಯ ಮನೆಯವರಿಗೆ ಸಮಾಧಾನ ಹೇಳಿದಂತಾಗಬಾರದಲ್ಲವೆ? ಮಲ್ಟಿಮೀಟರು ಹಿಡಿಯುವ ಹುಡುಗರಿಗೆ ಒಂದು ಎಚ್ಚರಿಕೆ. ಹಲಗೆಯ ಅಂಚಿನ ನಲವತ್ತು ಮುಳ್ಳುಗಳಲ್ಲಿ 4ನೆಯದು 5 ವೋಲ್ಟಿನದು, 6ನೆಯದು ನೆಲ. ಅಳೆಯಬೇಕಾದುದು ಇವೆರಡರ ನಡುವೆ. 2ನೆಯದೂ 5 ವೋಲ್ಟಿನದೇ, ಆದರೆ ಅದರ ಎದುರಿಗೇ ಇರುವ 1ನೆಯ ಮುಳ್ಳು 3.3 ವೋಲ್ಟಿನದು. ಕೈತಪ್ಪಿ ಮೀಟರಿನ ಸೂಜಿ ಈ ಎರಡನ್ನೂ ಮುಟ್ಟಿಸಿತೆಂದರೆ ಹಲಗೆ ನಿಜವಾಗಿಯೂ ಕೆಡಬಹುದು.

ಇನ್ನು ಚಾರ್ಜರಿನ ವಿಚಾರ. ಇಲ್ಲಿ ಜನರಲ್ಲಿ ಒಂದು ಭ್ರಮೆಯುಂಟು: ಹೆಚ್ಚು ವಾಟಿನ ಚಾರ್ಜರಿದ್ದರೆ ಆಯಿತು ಎಂಬುದು. 65 ವಾಟಿನ ಲ್ಯಾಪ್‌ಟಾಪ್ ಚಾರ್ಜರಿನಿಂದಲೂ ಹೊಸ ಹಲಗೆಗೆ ಹೊಟ್ಟೆ ತುಂಬದೆ ಹೋದಾಗ ಆಶ್ಚರ್ಯಪಡುವವರಿದ್ದಾರೆ. ಇದನ್ನು ತಿಳಿಯಲು ನಾವು ಕಾವೇರಿಯ ತೀರಕ್ಕೆ ಒಮ್ಮೆ ಹೋಗಿಬರಬೇಕು. 1902ರಲ್ಲಿ ಮೈಸೂರು ಸಂಸ್ಥಾನದವರು ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ತೊಂಬತ್ತಕ್ಕೂ ಹೆಚ್ಚು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ಅಷ್ಟು ದೂರದ ತಂತಿಯಲ್ಲಿ ಶಕ್ತಿಯೆಲ್ಲ ಸೋರಿಹೋಗದಂತೆ ಅವರು ಮಾಡಿದ ಉಪಾಯವೆಂದರೆ ಒತ್ತಡವನ್ನು ಮೂವತ್ತು ಸಾವಿರ ವೋಲ್ಟಿಗೂ ಮೇಲಕ್ಕೆ ಏರಿಸಿದ್ದು. ಒತ್ತಡ ಏರಿದರೆ ಅದೇ ಶಕ್ತಿಗೆ ಪ್ರವಾಹ ಕಡಮೆ ಸಾಕು. ಪ್ರವಾಹ ಕಡಮೆಯಾದರೆ ಸೋರಿಕೆಯೂ ಕಡಮೆ. ಗಣಿಯಲ್ಲಿ ಅದನ್ನು ಮತ್ತೆ ಇಳಿಸಿಕೊಂಡರು. ಇಂದು ತಮ್ಮ ಫೋನಿನ ವೇಗದ ಚಾರ್ಜರು ಮಾಡುವುದೂ ಆ ಶಿವನಸಮುದ್ರದ ಉಪಾಯವನ್ನೇ. ಫೋನೂ ಚಾರ್ಜರೂ ತಮ್ಮೊಳಗೆ ಮಾತನಾಡಿಕೊಂಡು 9 ವೋಲ್ಟಿಗೋ 20 ವೋಲ್ಟಿಗೋ ಒಪ್ಪಂದ ಮಾಡಿಕೊಳ್ಳುತ್ತವೆ. ನಮ್ಮ ಪುಟ್ಟ ಹಲಗೆಗೆ ಆ ಒಪ್ಪಂದ ಬೇಡ. ಅದು ತೆಗೆದುಕೊಳ್ಳುವುದು 5 ವೋಲ್ಟನ್ನು ಮಾತ್ರ. ಆಗ 65 ವಾಟಿನ ಚಾರ್ಜರೂ 5 ವೋಲ್ಟಿನಲ್ಲಿ ಸಾಮಾನ್ಯವಾಗಿ 3 ಆಂಪಿಯರಿಗೆ, ಎಂದರೆ 15 ವಾಟಿಗೆ, ನಿಂತುಬಿಡುತ್ತದೆ. ಚಾರ್ಜರಿನ ಬೆನ್ನಿನ ಮೇಲೆ ದೊಡ್ಡ ಅಕ್ಷರದ ವಾಟನ್ನು ನೋಡದೆ, ಸಣ್ಣ ಅಕ್ಷರದಲ್ಲಿ 5 ವೋಲ್ಟಿನ ಎದುರಿಗೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದನ್ನು ನೋಡತಕ್ಕದ್ದು.

ಹಲಗೆಯ ಹಸಿವೂ ತಲೆಮಾರಿನಿಂದ ತಲೆಮಾರಿಗೆ ಏರುತ್ತ ಬಂದಿದೆ. 2012ರ ಮೊದಲ ಮಾದರಿಗೆ 0.7 ಆಂಪಿಯರ್ ಸಾಕಾಗಿತ್ತು. 2016ರ ಮೂರನೆಯದಕ್ಕೆ ಎರಡೂವರೆ, 2019ರ ನಾಲ್ಕನೆಯದಕ್ಕೆ ಮೂರು, 2023ರ ಐದನೆಯದಕ್ಕೆ ಐದು ಆಂಪಿಯರಿನ ಚಾರ್ಜರನ್ನು ತಯಾರಕರು ಹೇಳುತ್ತಾರೆ. ಐದನೆಯದಕ್ಕೆ ಮೂರೇ ಆಂಪಿಯರ್ ಕೊಟ್ಟರೂ ಅದು ನಡೆಯುತ್ತದೆ. ಆದರೆ ತನಗೆ ಚುಚ್ಚಿದ ಯುಎಸ್‌ಬಿ ಉಪಕರಣಗಳಿಗೆಲ್ಲ ಸೇರಿ 1.6 ಆಂಪಿಯರಿನ ಬದಲು 0.6 ಆಂಪಿಯರನ್ನು ಮಾತ್ರ ಹಂಚುತ್ತದೆ. ತಾನು ಉಂಡು ಅತಿಥಿಗಳಿಗೆ ಅರೆಹೊಟ್ಟೆ! ನಾಲ್ಕನೆಯ ಮಾದರಿಯ ಮೊದಲ ಹಲಗೆಗಳಲ್ಲಿ ತಯಾರಕರೇ ಒಂದು ತಪ್ಪನ್ನು ಮಾಡಿದ್ದರು. ಸಿ ಮಾದರಿಯ ಯುಎಸ್‌ಬಿ ಕಿಂಡಿಯಲ್ಲಿ ಎರಡು ಬೇರೆಬೇರೆ ರೋಧಕಗಳಿರಬೇಕಾದಲ್ಲಿ ಒಂದನ್ನೇ ಎರಡಕ್ಕೂ ಹಂಚಿದ್ದರು. ಇದರಿಂದಾಗಿ ಗುರುತಿನ ಚಿಪ್ಪುಳ್ಳ ದುಬಾರಿ ಕೇಬಲನ್ನು ಹಾಕಿದರೆ ಚಾರ್ಜರು ಹಲಗೆಯನ್ನು ಬೇರೆ ಯಾವುದೋ ಉಪಕರಣವೆಂದು ಭ್ರಮಿಸಿ ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ಸಾಧಾರಣ ಕೇಬಲಿನಲ್ಲಿ ಯಂತ್ರ ನಡೆಯುತ್ತಿತ್ತು. ತಯಾರಕರು ತಪ್ಪನ್ನು ಒಪ್ಪಿ ಮುಂದಿನ ಹಲಗೆಗಳಲ್ಲಿ ಸರಿಪಡಿಸಿದರು. ಆ ಮೊದಲ ಹಲಗೆಗಳನ್ನು ಹಳೆಯದಾಗಿ ಕೊಂಡವರು ಇದನ್ನು ನೆನಪಿನಲ್ಲಿಡಬೇಕು.

ರೋಬೋಟಿನ ಸಾಮಗ್ರಿಯಲ್ಲಿ ಬರುವ ಆರ್ಡುಯಿನೋ ಹಲಗೆ ಇಷ್ಟು ಹಟಮಾರಿಯಲ್ಲ. ಅದರ ಉರುಟು ಕಿಂಡಿಗೆ 7ರಿಂದ 12 ವೋಲ್ಟಿನವರೆಗೆ ಕೊಡಬಹುದು. ಆದರೆ ಹೆಚ್ಚಿನ ಒತ್ತಡವನ್ನು ಅದು ಶಾಖವಾಗಿ ಸುಟ್ಟು 5ಕ್ಕೆ ಇಳಿಸುತ್ತದೆ. 12 ವೋಲ್ಟು ಕೊಟ್ಟು ಅದರಿಂದಲೇ ಮೋಟರುಗಳನ್ನು ತಿರುಗಿಸಹೊರಟರೆ ಬೆರಳಿಡಲಾರದಷ್ಟು ಬಿಸಿಯಾಗುತ್ತದೆ. ಮೋಟರಿಗೆ ಬೇರೆಯೇ ಬ್ಯಾಟರಿ ಇರಲಿ, ನೆಲದ ತಂತಿ ಮಾತ್ರ ಎರಡಕ್ಕೂ ಒಂದಾಗಿರಲಿ.

ಈಗ ನಮ್ಮ ಊರಿಗೇ ವಿಶಿಷ್ಟವಾದ ಕಷ್ಟಕ್ಕೆ ಬರೋಣ. ಮಳೆಗಾಲದಲ್ಲಿ ಒಂದು ತೆಂಗಿನ ಗರಿ ಲೈನಿನ ಮೇಲೆ ಬಿದ್ದರೆ ಸಾಕು, ವಿದ್ಯುತ್ತು ಹೋಯಿತು. ದೊಡ್ಡವರು ಚಿಮಿಣಿ ದೀಪದ ಕಾಲವನ್ನು ನೆನೆಯುತ್ತ ಕುಳಿತುಕೊಳ್ಳಬಹುದು. ಹಲಗೆಗೆ ಅದು ಬರಿಯ ಕತ್ತಲೆಯಲ್ಲ. ಅದರ ವಿದ್ಯೆಯೆಲ್ಲ ಬೆರಳುಗುರಿನಷ್ಟು ದೊಡ್ಡ ಒಂದು ಕಾರ್ಡಿನಲ್ಲಿರುತ್ತದೆ. ಆ ಕಾರ್ಡಿನಲ್ಲಿ ಏನನ್ನೋ ಬರೆಯುತ್ತಿರುವಾಗಲೇ ವಿದ್ಯುತ್ತು ನಿಂತರೆ, ಬರೆಯುತ್ತಿದ್ದ ಸಾಲು ಮಾತ್ರವಲ್ಲ, ಯಾವುದು ಎಲ್ಲಿದೆಯೆಂಬ ಸೂಚಿಯೇ ಕೆಡಬಹುದು. ಮರುದಿನ ಯಂತ್ರ ಏಳುವುದೇ ಇಲ್ಲ. ಮಗುವಿನ ಮೂರು ತಿಂಗಳ ಕೆಲಸ ಹೀಗೆ ಹೋದುದನ್ನು ನಾವು ಕಂಡಿದ್ದೇವೆ. ಆದುದರಿಂದ ಸ್ವಿಚ್ಚನ್ನು ಆರಿಸಿ ಹಲಗೆಯನ್ನು ನಿಲ್ಲಿಸುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಬೇಕು. ಪರದೆಯಲ್ಲಿ ನಿಲ್ಲುವ ಆಜ್ಞೆಯನ್ನು ಕೊಟ್ಟು, ಹಸಿರು ದೀಪದ ಮಿಣುಕಾಟ ನಿಂತ ಬಳಿಕವೇ ಪ್ಲಗ್ಗಿಗೆ ಕೈಹಾಕಬೇಕು. ವಾರಕ್ಕೊಮ್ಮೆ ಕಾರ್ಡಿನ ಪ್ರತಿಯೊಂದನ್ನು ಬೇರೆಡೆ ಇಡುವುದು ನೂರು ಉಪದೇಶಗಳಿಗಿಂತ ಒಳ್ಳೆಯದು. ಹಳೆಯ ಮಾದರಿಗಳಿಗೆ ಗಡಿಯಾರದ ಬ್ಯಾಟರಿಯಿಲ್ಲವೆಂಬುದೂ ನೆನಪಿರಲಿ; ವಿದ್ಯುತ್ತು ಹೋಗಿ ಬಂದ ಮೇಲೆ ಅಂತರ್ಜಾಲ ಸಿಕ್ಕುವ ತನಕ ಅವು ಹಳೆಯ ಸಮಯವನ್ನೇ ಸರಿಯೆಂದು ನಂಬಿ, ಮಳೆಯ ಲೆಕ್ಕವನ್ನೆಲ್ಲ ತಪ್ಪು ಗಂಟೆಗೆ ಬರೆದಿಡುತ್ತವೆ.

ಪವರ್‌ಬ್ಯಾಂಕು ಇದಕ್ಕೆ ಪರಿಹಾರವಾಗದೆ ಎಂದು ಕೇಳುವವರಿದ್ದಾರೆ. ಆಗುವುದುಂಟು, ಆದರೆ ಲೆಕ್ಕ ತಿಳಿದು ಕೊಳ್ಳಬೇಕು. 10,000 ಮಿಲಿಆಂಪಿಯರ್-ಗಂಟೆ ಎಂದು ಬರೆದಿರುವುದು ಒಳಗಿನ 3.7 ವೋಲ್ಟಿನ ಕೋಶದ ಲೆಕ್ಕ. ಎಂದರೆ 37 ವಾಟ್-ಗಂಟೆ. ಅದನ್ನು 5 ವೋಲ್ಟಿಗೆ ಏರಿಸುವಾಗ ಕೊಂಚ ನಷ್ಟವಾಗಿ ಮೂವತ್ತರಷ್ಟು ಉಳಿದೀತು. 5 ವಾಟ್ ಬಳಸುವ ಹಲಗೆಗೆ ಆರು ಗಂಟೆ. ನಮ್ಮ ಮಳೆಗಾಲದ ಒಂದು ಸಂಜೆಗೆ ಇದು ಸಾಕು. ಆದರೆ ಎಲ್ಲ ಪವರ್‌ಬ್ಯಾಂಕುಗಳೂ ತಾವು ತುಂಬಿಕೊಳ್ಳುತ್ತಿರುವಾಗಲೇ ಇನ್ನೊಬ್ಬರಿಗೆ ಉಣಿಸಲಾರವು. ಕೆಲವು, ವಿದ್ಯುತ್ತು ಹೋದ ಕ್ಷಣದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು ಮತ್ತೆ ಕೊಡುತ್ತವೆ. ಹಲಗೆಗೆ ಅಷ್ಟೇ ಸಾಕು, ಬಿದ್ದುಹೋಗುತ್ತದೆ. ಕೊಳ್ಳುವ ಮೊದಲು ಗೋಡೆಯ ಪ್ಲಗ್ಗನ್ನು ಎಳೆದು ಹಲಗೆ ನಿಲ್ಲದೆ ನಡೆಯುವುದೇ ಎಂದು ಪರೀಕ್ಷಿಸಲು ಅಂಗಡಿಯವರು ಬಿಟ್ಟರೆ ಉತ್ತಮ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಚಾರ್ಜರನ್ನು ಅದರ ಪ್ಲಗ್ಗಿಗೇ ಹಾಕಿದರೆ ಆಯಿತು. ಉಬ್ಬಿದ ಪವರ್‌ಬ್ಯಾಂಕನ್ನು ಮಾತ್ರ ಯಾವ ಕಾರಣಕ್ಕೂ ಮಕ್ಕಳ ಕೈಗೆ ಕೊಡಬಾರದು, ಅದು ಬೆಂಕಿಯಾಗಬಲ್ಲದು.

ತೋಟದ ನಡುವೆ ಸೌರ ಫಲಕದಿಂದ ಹಲಗೆಯನ್ನು ನಡೆಸುವ ಉತ್ಸಾಹವೂ ಕೆಲವು ಹುಡುಗರಲ್ಲಿದೆ. ಅಡಿಕೆಯ ನೆರಳು, ಆಷಾಢದ ಮೋಡ, ಎರಡೂ ಅವರಿಗೆ ಶತ್ರುಗಳು. 5 ವಾಟಿನ ಹಲಗೆ ದಿನಕ್ಕೆ 120 ವಾಟ್-ಗಂಟೆ ತಿನ್ನುತ್ತದೆ. ಜುಲೈ ತಿಂಗಳಲ್ಲಿ ಸಣ್ಣ ಫಲಕದಿಂದ ಅದನ್ನು ತುಂಬಿಸುವುದು ಆಗದ ಮಾತು. ಮಳೆಯನ್ನೋ ತೇವವನ್ನೋ ಅಳೆಯಲು ಅಷ್ಟು ದೊಡ್ಡ ಯಂತ್ರವೇ ಬೇಕಾಗಿಲ್ಲ. 2021ರಲ್ಲಿ ಬಂದ 'ಪಿಕೋ' ಎಂಬ ಮರಿಹಲಗೆ 1.8ರಿಂದ 5.5 ವೋಲ್ಟಿನವರೆಗೆ ಯಾವುದಾದರೂ ಸರಿಯೆನ್ನುತ್ತದೆ. ಟಾರ್ಚಿಗೆ ಹಾಕುವಂತಹ ಮೂರು ಸಣ್ಣ ಶೆಲ್ಲುಗಳಿಂದಲೂ ನಡೆಯುತ್ತದೆ.

ಕೊನೆಯದಾಗಿ ತುಲಾ ಮಾಸದ ಸಿಡಿಲು. ಅಕ್ಟೋಬರ್, ನವೆಂಬರಿನ ಸಂಜೆಗಳಲ್ಲಿ ಪೂರ್ವದ ಘಟ್ಟದ ಕಡೆ ಮೋಡ ಕಪ್ಪಾಗುವುದನ್ನು ಕಂಡೊಡನೆ ಹಲಗೆಯನ್ನು ಕ್ರಮವಾಗಿ ನಿಲ್ಲಿಸಿ ಚಾರ್ಜರನ್ನು ಗೋಡೆಯಿಂದಲೇ ಕಿತ್ತಿಡಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು, ಆ ಸಣ್ಣ ಅಂತರವನ್ನು ಸಿಡಿಲು ಲೆಕ್ಕಿಸುವುದಿಲ್ಲ. ಅಂತರ್ಜಾಲಕ್ಕೆ ತಾಮ್ರದ ತಂತಿಯಿದ್ದರೆ ಅದನ್ನೂ ಕಿತ್ತಿಡಬೇಕು. ಗುಡುಗು ತಲೆಯ ಮೇಲೆಯೇ ಬಂದ ಬಳಿಕ ಪ್ಲಗ್ಗಿನ ಹತ್ತಿರಕ್ಕೆ ಹೋಗುವುದು ಬೇಡ; ಹಲಗೆ ಹೋದರೆ ಹೋಗಲಿ.

ಸಭೆ ಮುಗಿದ ಮೇಲೆ ಪಕ್ಕದ ಕೊಠಡಿಯಲ್ಲಿ ಒಂದು ಹಲಗೆಯನ್ನೂ ಒಂದು ಮೀಟರನ್ನೂ ಆರು ಬಗೆಯ ಕೇಬಲುಗಳನ್ನೂ ಇರಿಸಿದ್ದೇವೆ. ಮನೆಯಿಂದ ಕೇಬಲು ತಂದಿರುವ ಮಕ್ಕಳು ಅಲ್ಲಿಗೆ ಬಂದು ಅಳೆದು ನೋಡಬಹುದು. ಎಷ್ಟು ವೋಲ್ಟು ಬಂತೆಂದು ಬರೆದು ಕಟ್ಟಲು ಚೀಟಿಗಳೂ ದಾರವೂ ಅಲ್ಲಿಯೇ ಇವೆ.